ಹಿತ್ತಲಿನ ಮೇಕೆ, ಮನೆಮಂದಿಯ ಆರೋಗ್ಯ

ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಅನೇಕ ಮನೆಗಳಿಗೆ ಹಿತ್ತಲಿನ ನಾಲ್ಕು ಮೇಕೆಗಳೇ ಆಸರೆ. ಮಕ್ಕಳ ಶಾಲೆಯ ಫೀಸು, ಆಸ್ಪತ್ರೆಯ ಖರ್ಚು, ಬಕ್ರೀದ್‌ನ ಕುರ್ಬಾನಿ ಎಲ್ಲಕ್ಕೂ ಅವು ಬೇಕು. ಆದರೆ ಒಂದು ಸಾಂಕ್ರಾಮಿಕ ರೋಗ ಹೊಕ್ಕರೆ ಕೆಲವೇ ದಿನಗಳಲ್ಲಿ ಕೊಟ್ಟಿಗೆ ಬರಿದಾಗಬಹುದು. ಕೆಲವು ರೋಗಗಳು ಮನೆಯವರಿಗೂ ಅಂಟುತ್ತವೆ.

ಲಸಿಕೆ ಮರೆಯದಿರಿ

ಪಿಪಿಆರ್ ರೋಗ ಬಂದ ಮೇಕೆಗೆ ಜ್ವರ, ಬಾಯಿಹುಣ್ಣು, ಭೇದಿ ಕಾಣಿಸಿಕೊಂಡು ಕಣ್ಣು, ಮೂಗು ಸೋರುತ್ತವೆ. ಇದು ವೈರಸ್ ರೋಗ. ಇದನ್ನು ಗುಣಪಡಿಸುವ ನೇರ ಔಷಧಿಯಿಲ್ಲ. ನಾಲ್ಕು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿದರೆ ಸುಮಾರು 3 ವರ್ಷ ರಕ್ಷಣೆಯಿರುತ್ತದೆ. ಕರುಳುಬೇನೆಯ ಲಸಿಕೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಾಕಿಸಿ. ಸಂತೆಯಿಂದ ತಂದ ಹೋತವನ್ನು ಮೂರು ವಾರ ಬೇರೆಯಾಗಿ ಕಟ್ಟಿ.

ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಮೇಕೆಗೆ ಸುರಿಯಬೇಡಿ. ಅನ್ನ, ಕಾಳು ಒಮ್ಮೆಲೇ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರಿ ಸಾಯಬಹುದು. ಹಬ್ಬಕ್ಕೆ ಕೊಬ್ಬಿಸುವುದಾದರೆ ಕಾಳನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

ನಿಮಗೂ ಅಂಟಬಹುದು

ಮೇಕೆ ಕಂದು ಹಾಕಿದರೆ ಅದು ಬ್ರುಸೆಲ್ಲಾ ಸೋಂಕಿನಿಂದಲೂ ಇರಬಹುದು. ಕಂದು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಂಡು ತೆಗೆದು, ನಾಯಿಗಳು ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಗರ್ಭಿಣಿಯರು ಮತ್ತು ಮಕ್ಕಳು ದೂರವಿರಲಿ. ಮೇಕೆ ಹಾಲನ್ನು ಕುದಿಸದೆ ಯಾರಿಗೂ ಕೊಡಬೇಡಿ. ಬಿಟ್ಟುಬಿಟ್ಟು ಜ್ವರ, ಬೆವರು, ಕೀಲುನೋವು ಇದ್ದರೆ "ನಮ್ಮ ಮನೆಯಲ್ಲಿ ಮೇಕೆಗಳಿವೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಬೇಗ ಆಗಬಹುದು.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ತೀರಾ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕುವುದೂ ಅಪರಾಧವೇ. ಧರ್ಮದ ವಿಧಿಯಂತೆ ಕೊಯ್ಯುವುದು ಈ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅಪರಾಧವಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಕುರಿ, ಮೇಕೆಗಳಿಗೆ ಅನ್ವಯಿಸುವುದಿಲ್ಲ. ಆದರೆ 2001ರ ಕಸಾಯಿಖಾನೆ ನಿಯಮಗಳಂತೆ ಗಬ್ಬದ ಮೇಕೆಯನ್ನೂ ಮೂರು ತಿಂಗಳೊಳಗಿನ ಮರಿಯನ್ನೂ ಕೊಯ್ಯುವಂತಿಲ್ಲ. ದೂರದ ಊರಿಗೆ ಲಾರಿಯಲ್ಲಿ ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ಮೇಕೆ ಸತ್ತರೆ ಹೂಳುವ ಮೊದಲೇ ಪಶು ಆಸ್ಪತ್ರೆಗೆ ತಿಳಿಸಿ. ರಾಜ್ಯದ ಅನುಗ್ರಹ ಯೋಜನೆಯ ಪರಿಹಾರ ಕೇಳಲು ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ತುರ್ತಿಗೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಕುಂಟು, ಕುರುಡು, ರೋಗ, ತೀರಾ ಬಡಕಲುತನ ಎದ್ದು ಕಾಣುವ ಪ್ರಾಣಿ ಕುರ್ಬಾನಿಗೆ ಸಲ್ಲದು. ಹಾಗಾಗಿ ಕುರ್ಬಾನಿಯ ತಯಾರಿ ಹಬ್ಬದ ಹಿಂದಿನ ದಿನವಲ್ಲ, ಮರಿ ಹುಟ್ಟಿದ ಮೊದಲ ಗಂಟೆಯಲ್ಲಿ ಅದಕ್ಕೆ ತಾಯಿಯ ಗಿಣ್ಣುಹಾಲು ಕುಡಿಸುವಾಗಲೇ ಶುರುವಾಗಲಿ.