ಹಳೆಯ ಮದರ್‌ಬೋರ್ಡು, ಹೊಸ ಗ್ರಾಫಿಕ್ಸ್ ಕಾರ್ಡು

ಕರೋಲ್ ಬಾಗ್ ದಿಲ್ಲಿಯ ದಾಕ್ಷಿಣಾತ್ಯರಿಗೆ ಬಹುಕಾಲದಿಂದ ಪರಿಚಿತವಾದ ಬಡಾವಣೆ. ಖಾನ್ ಅಬ್ದುಲ್ ಗಫಾರ್ ಖಾನರ ಹೆಸರನ್ನು ಹೊತ್ತ ಅಲ್ಲಿಯ ಗಫಾರ್ ಮಾರ್ಕೆಟ್ಟು ಮೊಬೈಲು ಮೊದಲಾದ ವಿದ್ಯುನ್ಮಾನ ಸರಕುಗಳಿಗೆ ಪ್ರಸಿದ್ಧ. ಕಂಪ್ಯೂಟರಿನ ಬಿಡಿಭಾಗಗಳಿಗಾದರೋ ದಕ್ಷಿಣ ದಿಲ್ಲಿಯ ನೆಹರೂ ಪ್ಲೇಸಿಗೆ ಹೋಗುವುದು ರೂಢಿ. ಎಲ್ಲಿ ಕೊಂಡರೂ, ಹತ್ತು ವರ್ಷದ ಯಂತ್ರವನ್ನು ಇನ್ನೂ ಕೆಲವು ಕಾಲ ಉಳಿಸಿಕೊಳ್ಳಬಯಸುವವರಿಗೆ ಒಂದು ಸಂದೇಹ ತಪ್ಪಿದ್ದಲ್ಲ: ಹೊಸ ಗ್ರಾಫಿಕ್ಸ್ ಕಾರ್ಡು ಇದಕ್ಕೆ ಹೊಂದೀತೇ? ಸ್ಲಾಟಿನಲ್ಲಿ ಕೂರುವುದು ಬೇರೆ, ಹೊಂದುವುದು ಬೇರೆ ಎಂಬುದನ್ನು ಇಲ್ಲಿ ವಿವರಿಸಬೇಕಾಗಿದೆ.

ಮೊದಲು ಸ್ಲಾಟಿನ ವಿಚಾರ. 1997ರಲ್ಲಿ ಇಂಟೆಲ್ ಸಂಸ್ಥೆ ಬಳಕೆಗೆ ತಂದ ಎಜಿಪಿ ಸ್ಲಾಟಿನಲ್ಲಿ ಇಂದಿನ ಕಾರ್ಡು ಕೂರಲಾರದು. 2003ರಲ್ಲಿ ರೂಪುಗೊಂಡ ಪಿಸಿಐ ಎಕ್ಸ್‌ಪ್ರೆಸ್ ಪದ್ಧತಿಯಲ್ಲಿಯಾದರೆ ಹಳತು ಹೊಸತುಗಳು ಕೂಡಿಕೊಳ್ಳುವ ಏರ್ಪಾಡಿದೆ. 2007, 2010, 2017ರ ಆವೃತ್ತಿಗಳಲ್ಲಿ ಸ್ಲಾಟಿನ ಆಕಾರ ಬದಲಾಗಲಿಲ್ಲ. ವೇಗ ಮಾತ್ರ ಪ್ರತಿ ಸಲವೂ ಸುಮಾರು ಇಮ್ಮಡಿಯಾಯಿತು. ಭಿನ್ನ ಆವೃತ್ತಿಯ ಕಾರ್ಡೂ ಬೋರ್ಡೂ ಸೇರಿದಾಗ ಕಡಿಮೆ ವೇಗದ್ದೇ ಎರಡಕ್ಕೂ ಮಿತಿಯಾಗುತ್ತದೆ.

ಹದಿನಾರು ಪಥಗಳಲ್ಲಿ ಮಾಹಿತಿ ಸಾಗಿಸುವ ಕಾರ್ಡಿಗೆ, ಬೋರ್ಡು ಒಂದು ಆವೃತ್ತಿ ಹಿಂದಿನದಾದರೆ, ಇದರಿಂದಾಗುವ ನಷ್ಟ ಸಾಮಾನ್ಯವಾಗಿ ಅಲ್ಪವೇ. ಆದರೆ ಎಎಂಡಿ ಸಂಸ್ಥೆ 2022ರಲ್ಲಿ ಹೊರತಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಪಥಗಳನ್ನು. ನಾಲ್ಕನೆಯ ಆವೃತ್ತಿಯ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗಿಸಬಲ್ಲ ಈ ಕಾರ್ಡು ಮೂರನೆಯದರಲ್ಲಿ 4ಕ್ಕೆ ಇಳಿಯುತ್ತದೆ. ಅದರ ಸ್ವಂತ ಸ್ಮರಣಕೋಶವೂ 4 ಗಿಗಾಬೈಟಿನದಾದ್ದರಿಂದ, ಅದು ತುಂಬಿದೊಡನೆ ಕೆಲಸ ಕುಂಟತೊಡಗುತ್ತದೆ. ಅಗ್ಗದ ಹೊಸ ಕಾರ್ಡು ಹಳೆಯ ಯಂತ್ರಕ್ಕೆ ತಕ್ಕುದೆಂಬ ಎಣಿಕೆ ಹೀಗೆ ತಲೆಕೆಳಗಾಗುವುದುಂಟು.

ಎರಡನೆಯದು ವಿದ್ಯುತ್ತು. ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು. ಆರು ಪಿನ್ನಿನದು 75, ಎಂಟು ಪಿನ್ನಿನದು 150 ವಾಟ್ ಒದಗಿಸುತ್ತದೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ ಈ ತಂತಿಯೂ ಇರಲಾರದು, ಸಾಮರ್ಥ್ಯವೂ ಸಾಲದು.

ಮೂರನೆಯದು, ಯಂತ್ರ ಚಾಲೂ ಆದೊಡನೆ ಎಲ್ಲಕ್ಕೂ ಮೊದಲು ಓಡುವ ತಂತ್ರಾಂಶ. ಹಳೆಯ ಬೋರ್ಡಿನ ಬಯಾಸ್ ಕೆಲವು ಹೊಸ ಕಾರ್ಡುಗಳನ್ನು ಗುರುತಿಸದೆ ಹೋಗಿ, ತೆರೆ ಕಪ್ಪಾಗಿಯೇ ಉಳಿಯುವುದುಂಟು. ಇಂಟೆಲ್ಲಿನ ಆರ್ಕ್ ಕಾರ್ಡುಗಳಿಗಂತೂ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೋರ್ಡಿನಲ್ಲಿಲ್ಲದಿದ್ದರೆ ಪೂರ್ಣ ಶಕ್ತಿ ಬರುವುದಿಲ್ಲ.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಬೋರ್ಡಿನ ಮಾದರಿ, ಸ್ಲಾಟಿನ ಆವೃತ್ತಿ, ಎಸ್‌ಎಂಪಿಎಸ್‌ನ ವಾಟ್, ಪೆಟ್ಟಿಗೆಯೊಳಗಿನ ಉದ್ದ ಇವಿಷ್ಟನ್ನು ಬರೆದಿಟ್ಟುಕೊಳ್ಳುವುದು ಲೇಸು. ಇದು ಬರಿಯ ಹಣದ ಮಾತಲ್ಲ. ಇದೇ ನಗರದ ಸೀಲಂಪುರದಲ್ಲಿ, ಜನ ಬಿಸುಟ ಬೋರ್ಡುಗಳನ್ನು ಬಡ ಕೆಲಸಗಾರರು ಬರಿಗೈಯಿಂದ ಒಡೆದು ಲೋಹ ತೆಗೆಯುತ್ತಾರೆ. ಅದರ ವಿಷ ಸೇರುವುದು ಅವರ ಮೈಯನ್ನೇ. ವಿಚಾರಿಸಿ ಕೊಂಡ ಒಂದು ಕಾರ್ಡಿನಿಂದ ಹಳೆಯ ಯಂತ್ರ ಇನ್ನೂ ನಾಲ್ಕು ವರ್ಷ ನಡೆದರೆ, ಆ ರಾಶಿಗೆ ಒಂದು ಬೋರ್ಡಾದರೂ ತಡವಾಗಿ ಸೇರುವುದು.