ಅಂಕಪಟ್ಟಿಯಾಚೆಯ ಮಹಾರಾಜಾ ಕಾಲೇಜು

ಮಗ ಮೊದಲ ವರ್ಷ ವಿಜ್ಞಾನ ತೆಗೆದುಕೊಂಡಿದ್ದ. ಅಪ್ಪ ಗಣಿತದ ಪ್ರೊಫೆಸರು. ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿಹೋಯಿತು. ಕೈ ಹಿಡಿದುಕೊಂಡೇ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ವಿಜ್ಞಾನ ಬಿಡಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ಸೇರಿಸಿದರು. ಈಗಲೂ ಅಪ್ಪಂದಿರು ಮಕ್ಕಳ ಕೈ ಹಿಡಿದು ಎಳೆಯುತ್ತಾರೆ, ಆದರೆ ಎದುರು ದಿಕ್ಕಿಗೆ. ಆ ಹುಡುಗನೇ ಎ.ಕೆ. ರಾಮಾನುಜನ್. ವಚನಗಳನ್ನು ಇಂಗ್ಲಿಷಿಗೆ ಒಯ್ದು ಜಗತ್ತಿನ ಕಿವಿಗೆ ಹಾಕಿದವರು.

ಕಾಲೇಜು ಸಮಾರಂಭಗಳ ಫ್ಲೆಕ್ಸುಗಳಲ್ಲಿ 'ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂದು ಸಾಲಾಗಿ ಫೋಟೊ ಹಾಕಿರುತ್ತಾರೆ. ಹೆಸರಿನ ಕೆಳಗೆ ಪ್ರಶಸ್ತಿ, ಇಸವಿ. ಇಂಥ ರಿಜಿಸ್ಟ್ರಾರ್ ಕಚೇರಿಯ ಸಂಗತಿಗಳಿಗೆ ಅಲ್ಲಿ ಜಾಗವಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮಟ್ಟಿಗಂತೂ ಓದಲು ರುಚಿಯಾಗಿರುವುದು ಅವೇ.

ಆರ್.ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು. ಅದೂ ಹೆಡ್‌ಮಾಸ್ಟರ ಮಗ. ಒಂದು ವರ್ಷ ಮನೆಯಲ್ಲೇ ಕೂತು, ಓದಿಕೊಂಡು, ಗೀಚಿಕೊಂಡು ಕಳೆದರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜು ಸೇರಿದ ಮೇಲೂ ಬಿ.ಎ. ಮುಗಿಸಲು ಎಲ್ಲರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. ಎಂ.ಎ.ಗೆ ಸೇರಿದರೆ ಸಾಹಿತ್ಯದ ಮೇಲಿನ ಆಸೆಯೇ ಸತ್ತುಹೋದೀತು ಎಂದು ಗೆಳೆಯನೊಬ್ಬ ಹೇಳಿದ, ಇವರು ಕೇಳಿದರು. 1935ಕ್ಕೆ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು.

ಕುವೆಂಪು ಅವರದು ಬೇರೆ ದಾರಿ. ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದು, 1922ರದು. ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದಾಗ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಆತ ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಇಲ್ಲೇ ಕನ್ನಡ ಎಂ.ಎ. ಮಾಡಿದ ಅದೇ ಹುಡುಗ 1956ರಲ್ಲಿ ಕುಲಪತಿಯಾದ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣ ಅವರ ಕನಸು, ಹೆಸರಿಟ್ಟವರೂ ಅವರೇ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು ಈ ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೇ, 1916ರಲ್ಲಿ. 1936ರಲ್ಲಿ ಇಲ್ಲಿ ಪದವಿ ಪಡೆದು ಮುಂಬಯಿಗೆ, ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿ, ಬೇಸಾಯ, ಜಾತಿ, ಜಗಳ, ಪಂಚಾಯಿತಿ ಎಲ್ಲವನ್ನೂ ಬರೆದಿಟ್ಟುಕೊಂಡರು. ಪುಸ್ತಕದಲ್ಲಿ ಆ ಊರಿನ ಹೆಸರು ರಾಂಪುರ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತು ಬರೆಯುತ್ತಿದ್ದ ಕೊಠಡಿಗೆ ಕಿಡಿಗೇಡಿಗಳು ಬೆಂಕಿ ಇಟ್ಟರು. ವರ್ಷಗಟ್ಟಲೆ ಒಪ್ಪ ಮಾಡಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಬೂದಿಯಾದವು. ನೆನಪಿನಿಂದಲೇ ಬರೆಯಿರಿ ಎಂದು ಸಹೋದ್ಯೋಗಿಯೊಬ್ಬರು ಹುರಿದುಂಬಿಸಿದರು. ಹಾಗೆ ಹುಟ್ಟಿದ್ದು 'ದಿ ರಿಮೆಂಬರ್ಡ್ ವಿಲೇಜ್'. ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ 'ವೋಟ್ ಬ್ಯಾಂಕ್' ಎಂದು ಅರಚುವವರಿಗೆ, ಆ ಮಾತನ್ನು ಚಲಾವಣೆಗೆ ತಂದದ್ದು ಇವರೇ ಎಂಬುದು ಬಹುಶಃ ನೆನಪಿರುವುದಿಲ್ಲ.

ಆ ಪುಸ್ತಕ ಬಂದದ್ದು 1976ರಲ್ಲಿ. ವಿಶ್ವವಿದ್ಯಾನಿಲಯಕ್ಕೆ ಅರವತ್ತು ತುಂಬಿದ ವರ್ಷ ಅದು. ಪ್ರವೇಶ ಪರೀಕ್ಷೆಯಲ್ಲಿ ಎಡವಿದ್ದ ನಾರಾಯಣ್‌ಗೆ ಅದೇ ವರ್ಷ ಇಲ್ಲಿಂದ ಗೌರವ ಡಾಕ್ಟರೇಟ್. ರಾಮಾನುಜನ್‌ಗೆ ಪದ್ಮಶ್ರೀ, ಅವರು ಅನುವಾದಿಸಿದ ಕನ್ನಡ ಕಾದಂಬರಿ 'ಸಂಸ್ಕಾರ' ಇಂಗ್ಲಿಷಿನಲ್ಲಿ ಪುಸ್ತಕವಾದದ್ದೂ ಆಗಲೇ. ಕಾಕತಾಳೀಯ ಎನ್ನಿ, ಕ್ಯಾಲೆಂಡರಿನ ತಮಾಷೆ ಎನ್ನಿ.

'ಸಂಸ್ಕಾರ'ದ ಹುಟ್ಟಿನಲ್ಲೂ ಮೈಸೂರಿನ ಇಂಗ್ಲಿಷ್ ಎಂ.ಎ. ಒಬ್ಬರಿದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಯು.ಆರ್. ಅನಂತಮೂರ್ತಿ, ಗುರು ಮಾಲ್ಕಮ್ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಲು ಹೋದರು. ಸ್ವೀಡಿಷ್ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಪ್ಲೇಗು, ಸಾವು, ದೇವರು ಅಷ್ಟೇ ಕಣ್ಣಿಗೆ ಬಿತ್ತು. ರೂಮಿಗೆ ಬಂದು ಅವರು ಬರೆಯತೊಡಗಿದ್ದು ಮಲೆನಾಡಿನ ಒಂದು ಅಗ್ರಹಾರದಲ್ಲಿ ಸಂಸ್ಕಾರಕ್ಕೆ ಕಾದು ಬಿದ್ದಿದ್ದ ಹೆಣದ ಕಥೆಯನ್ನು, ಕನ್ನಡದಲ್ಲಿ.