ಹಿಂದಿನ ಡೋರು ಇಳಿಸಬೇಡಿ

ಹೊಸ ಪಿಕಪ್ ಕೊಂಡಿರುವ ಓದುಗರೊಬ್ಬರ ಪ್ರಶ್ನೆ ಇದು. ಗುಂಡ್ಲುಪೇಟೆ ಕಡೆಯಿಂದ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಗೆ ತರಕಾರಿ ತರುತ್ತಾರೆ, ಎಷ್ಟೋ ಸಲ ವಾಪಸು ಹೋಗುವಾಗ ಗಾಡಿ ಖಾಲಿ. ‘ಎಳೆತವೂ ಹೆಚ್ಚಬೇಕು, ಮೈಲೇಜೂ ಬರಬೇಕು, ಏನು ಹಾಕಿಸಲಿ ಸಾರ್? ಖಾಲಿ ಗಾಡಿಯ ಹಿಂದಿನ ಡೋರು ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹಾದುಹೋಗಿ ಡೀಸೆಲ್ ಉಳಿಯುತ್ತದಂತೆ, ಹೌದೇ?’

ಮೊದಲ ಪ್ರಶ್ನೆ ಆಮೇಲೆ ನೋಡೋಣ. ಎರಡನೆಯದು ರಸವತ್ತಾಗಿದೆ, ಏಕೆಂದರೆ ಕೇಳಿದವರಿಗೆಲ್ಲ ನಿಜವೆನಿಸುವ ಸುಳ್ಳು ಅದು. ನಿಂತ ಬಾಗಿಲಿಗೆ ಗಾಳಿ ಬಡಿಯುತ್ತದೆ, ಬಾಗಿಲು ತೆಗೆದರೆ ಬಡಿಯುವುದಿಲ್ಲ. ಇದರಲ್ಲಿ ತಪ್ಪೇನಿದೆ? ತಪ್ಪಿರುವುದು ಗಾಳಿ ಆ ಬಾಗಿಲಿಗೆ ನೇರವಾಗಿ ಬಂದು ಬಡಿಯುತ್ತದೆ ಎಂದುಕೊಂಡಿದ್ದರಲ್ಲಿ.

ನಂಜನಗೂಡು ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು, ಜತೆಗೆ ಓಡುತ್ತಿರುವ ಖಾಲಿ ಪಿಕಪ್ಪಿನೊಳಕ್ಕೆ ಬಗ್ಗಿ ನೋಡಿ. ತಳದಲ್ಲಿ ಉಳಿದ ಈರುಳ್ಳಿ ಸಿಪ್ಪೆ ಹಿಂದಕ್ಕೆ ಹಾರಿ ರಸ್ತೆಗೆ ಬೀಳಬೇಕು ತಾನೇ? ಅದು ಮುಂದಕ್ಕೆ, ಡ್ರೈವರ್ ಬೆನ್ನಿನ ಕಡೆಗೆ ಹರಿದಾಡುತ್ತದೆ! ಕ್ಯಾಬಿನ್ನಿನ ಬುಡ ಸೇರಿ, ಮೇಲೆದ್ದು, ಹಿಂದೆ ಹೋಗಿ, ಕೆಳಗಿಳಿದು ಮತ್ತೆ ಮುಂದಕ್ಕೆ. ನನಗಂತೂ ಇದನ್ನು ನೋಡುತ್ತಾ ಕೂತರೆ ಇಳಿಯುವ ಸ್ಟಾಪು ಮರೆತುಹೋಗುತ್ತದೆ.

ಕ್ಯಾಬಿನ್ನಿನ ತಲೆ ದಾಟಿದ ಗಾಳಿ ಥಟ್ಟನೆ ಕೆಳಗೆ ಧುಮುಕಲಾರದು. ಅದು ಹಿಂದಕ್ಕೆ ಸಾಗುತ್ತಲೇ, ಕೆಳಗೆ ತೊಟ್ಟಿಯಲ್ಲಿರುವ ಗಾಳಿಯನ್ನು ಸವರಿ ತಿರುಗಿಸುತ್ತದೆ. ಕ್ಯಾಬಿನ್ನು ಮತ್ತು ಹಿಂದಿನ ಡೋರಿನ ನಡುವೆ ಸಿಕ್ಕಿಕೊಂಡ ಆ ಗಾಳಿ ಒಂದು ದೊಡ್ಡ ಸುಳಿಯಾಗಿ ಅಲ್ಲೇ ಸುತ್ತುತ್ತದೆ. ಮೇಲಿನ ಹರಿವಿಗೆ ಈ ಸುಳಿ, ಮರದ ದಿಮ್ಮಿ ಸಾಗಿಸುವಾಗ ಅಡಿಗೆ ಕೊಡುವ ಉರುಳುಗೋಲಿದ್ದ ಹಾಗೆ: ಗಾಳಿ ಅದರ ಮೇಲೆ ಜಾರಿ ಹಿಂದಿನ ಡೋರಿನ ನೆತ್ತಿಯನ್ನಷ್ಟೇ ತಾಗಿ ಹೊರಟುಹೋಗುತ್ತದೆ. ಡೋರು ಇಳಿಸಿದಿರೋ, ಸುಳಿಗೆ ಆಸರೆ ತಪ್ಪಿ ಅದು ಒಡೆಯುತ್ತದೆ. ಕ್ಯಾಬಿನ್ನಿನ ಬೆನ್ನಿಗೆ ಗಾಳಿಯ ಒತ್ತಡ ಕುಸಿದು, ಗಾಡಿಯನ್ನು ಹಿಂದಕ್ಕೆ ಎಳೆಯುವ ಸೆಳೆತ ಹೆಚ್ಚುತ್ತದೆ. ಅಮೆರಿಕದ ‘ಮಿತ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮದವರು ಒಂದೇ ಥರದ ಎರಡು ಪಿಕಪ್ಪುಗಳಿಗೆ ಟ್ಯಾಂಕ್ ತುಂಬಿಸಿ ಓಡಿಸಿ ನೋಡಿದ್ದರು. ಹೆಚ್ಚು ದೂರ ಹೋದದ್ದು ಡೋರು ಮುಚ್ಚಿದ್ದ ಗಾಡಿ.

ಗಾಳಿಗೆ ಇಷ್ಟು ಮರ್ಯಾದೆ ಯಾಕೆಂದರೆ, ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ. ಪಿಕಪ್ಪಿನಂಥ ಚಪ್ಪಟೆ ಮೂತಿಯ ಗಾಡಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಳಿ ಹೆಚ್ಚುಕಡಿಮೆ 11 ಕಿಲೋ ಭಾರದಷ್ಟು ಅಡ್ಡ ಒತ್ತಿದರೆ, 80ರಲ್ಲಿ ಅದು ಸುಮಾರು 45 ಕಿಲೋ. ಲೋಡು ಸೇರಿ ಮೂರು ಟನ್ ತೂಗುವ ಗಾಡಿಯ ಟೈರುಗಳು ಒಡ್ಡುವ ತಡೆಯೇ ಸುಮಾರು 30 ಕಿಲೋ ಭಾರದಷ್ಟು. ಬೆಂಗಳೂರು ಹೆದ್ದಾರಿಯಲ್ಲಿ ಬಲಗಾಲು ಒತ್ತಿ ಹಿಡಿದು, ಆಮೇಲೆ ಮೈಲೇಜ್ ಬರಲಿಲ್ಲ ಎಂದು ಶೋರೂಮಿನವರನ್ನು ಬೈಯುವವರು ಈ ಲೆಕ್ಕ ನೋಡಬೇಕು. ಟೊಮೆಟೊ ಕ್ರೇಟನ್ನು ಕ್ಯಾಬಿನ್ನಿಗಿಂತ ಎತ್ತರ ಪೇರಿಸಿದರೂ ಅಷ್ಟೇ, ಗಾಳಿಗೆ ಇನ್ನೊಂದು ಗೋಡೆ ಕಟ್ಟಿಕೊಟ್ಟಂತೆ.

ಇನ್ನು ‘ಏನು ಹಾಕಿಸಲಿ’ ಎಂಬುದು. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ ದಯವಿಟ್ಟು ಬೇಡ. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡಿ, ಆಯುಧಪೂಜೆಗೆ ಬೂದುಗುಂಬಳ ಒಡೆಯಿರಿ, ನನ್ನ ತಕರಾರಿಲ್ಲ. ಅವು ಮೈಲೇಜ್ ಕೊಡುತ್ತೇವೆ ಎಂದು ಹೇಳುವುದಿಲ್ಲ, ಸಾವಿರಗಟ್ಟಲೆ ಬೆಲೆಯೂ ಇಲ್ಲ. ಅಯಸ್ಕಾಂತ ಮಾರುವವರು ಮಾತ್ರ ವಿಜ್ಞಾನದ ವೇಷ ಹಾಕಿಕೊಂಡು ‘ಡೀಸೆಲ್ ಪೂರ್ತಿ ಉರಿಯುತ್ತದೆ’ ಎನ್ನುತ್ತಾರೆ. ಈಗಿನ ಎಂಜಿನ್ನಿನಲ್ಲಿ ಅದು ಈಗಾಗಲೇ ಹೆಚ್ಚುಕಡಿಮೆ ಪೂರ್ತಿ ಉರಿಯುತ್ತಿದೆ. ನಷ್ಟವಾಗುವುದು ಉರಿದ ಮೇಲೆ, ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಬೀಳುವ ಶಾಖದಲ್ಲಿ. ಅದಕ್ಕೆ ಯಾವ ಅಯಸ್ಕಾಂತವೂ ಅಡ್ಡ ನಿಲ್ಲದು.

ಎಂಜಿನ್ನಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಚಿಪ್ ಟ್ಯೂನಿಂಗ್ ಮೋಸವಲ್ಲ, ಎಳೆತ ನಿಜಕ್ಕೂ ಹೆಚ್ಚುತ್ತದೆ. ಆದರೆ ಆ ಎಳೆತ ಬರುವುದು ಎಂಜಿನ್ನಿಗೆ ಹೆಚ್ಚು ಡೀಸೆಲ್ ಚಿಮ್ಮಿಸುವುದರಿಂದ. ಅದನ್ನು ಬಳಸಿದಷ್ಟೂ ಡೀಸೆಲ್ ಸುಡುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಶೋಧಕ ಹೆಚ್ಚಿನ ಮಸಿಗೆ ಬೇಗ ಕಟ್ಟಿಕೊಳ್ಳುತ್ತದೆ, ವಾರಂಟಿಯೂ ಕೈತಪ್ಪಬಹುದು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆಯಿದ್ದರೆ, ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದು ಕಾನೂನುಬಾಹಿರ ಎಂದಿದೆ. ತೂಕ ಬೇರೆ ದಂಡ.

ಹಣ ಹಾಕಲೇಬೇಕೆಂದಿದ್ದರೆ ಟೈರಿಗೆ ಹಾಕಿ. ಉರುಳುವಾಗ ಟೈರು ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹಾಗೆ ಬಳುಕಿ ಬಿಸಿಯಾಗುವುದರಲ್ಲೇ ಡೀಸೆಲ್ ಹೋಗುವುದು. ರೇಡಿಯಲ್ ಟೈರಿನಲ್ಲಿ ಈ ನಷ್ಟ ಕಡಿಮೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ: 1997ರಲ್ಲಿ ಜೆಕೆ ಟೈರ್ ತೆಕ್ಕೆಗೆ ಹೋದ ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆಯಲ್ಲೇ ಲಾರಿಗಳ ರೇಡಿಯಲ್ ಟೈರು ತಯಾರಾಗುತ್ತದೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ, ಗಾಡಿಯ ಕೈಪಿಡಿಯಲ್ಲಿ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂದಿದೆಯೋ ಅದಕ್ಕೆ ಸರಿಯಾಗಿ ನೋಡಿಸಿ. ನೈಟ್ರೋಜನ್ನೇ ತುಂಬಿಸಿ ಎಂದು ಯಾರಾದರೂ ದುಡ್ಡು ಕೇಳಿದರೆ, ಪಂಕ್ಚರ್ ಅಂಗಡಿಯ ಸಾದಾ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆಯಲ್ಲ ಎಂದು ಹೇಳಿ ಬನ್ನಿ.